ನಗರದ ಫ್ಲ್ಯಾಟಿಗೆ ಕೇಳುವ ಬೆಲೆ ಹೆಚ್ಚೇ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ, ಇತರ ಓದುಗರಿಗಾಗಿ ಅದರ ಸಾರಾಂಶವನ್ನಷ್ಟೇ ಮೊದಲು ಹೇಳುತ್ತೇನೆ. ನಗರದ ನಡುಭಾಗದಲ್ಲಿರುವ, ಹನ್ನೆರಡು ಅಂತಸ್ತಿನ, ಇಪ್ಪತ್ತೆರಡು ವರ್ಷ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ ಎರಡು ಮಲಗುವ ಕೋಣೆಗಳ ಫ್ಲ್ಯಾಟೊಂದನ್ನು ಕೊಳ್ಳಲು ನೀವು ಯೋಚಿಸಿದ್ದೀರಿ. ಅದೇ ಕಟ್ಟಡದ ಅಂಥದೇ ಫ್ಲ್ಯಾಟಿನ ತಿಂಗಳ ಬಾಡಿಗೆಯ 400 ಪಟ್ಟನ್ನು ಮಾರುವವರು ಬೆಲೆಯಾಗಿ ಕೇಳುತ್ತಿದ್ದಾರೆ. ನಿರ್ವಹಣಾ ಶುಲ್ಕ, ತೆರಿಗೆ, ವಿಮೆ, ಒಳಗಿನ ದುರಸ್ತಿ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ತಿಂಗಳ ಬಾಡಿಗೆಯಷ್ಟು ಖರ್ಚು ಬೀಳುತ್ತದೆ. ಬ್ಯಾಂಕಿನ ಸಾಲ ನೂರಕ್ಕೆ 7ರ ಬಡ್ಡಿಗೆ ಸಿಗುತ್ತದೆ. ಏಳನೆಯ ಮಹಡಿಯ ಫ್ಲ್ಯಾಟ್ ಹೆಚ್ಚುಕಡಿಮೆ ಇದೇ ಬೆಲೆಗೆ ಹೋಗಿದೆಯೆಂದೂ, ಹತ್ತು ದಿನದೊಳಗೆ ಮುಂಗಡ ಕೊಡದಿದ್ದರೆ ಇದೂ ಕೈತಪ್ಪುತ್ತದೆಂದೂ ದಲ್ಲಾಳಿ ಹೇಳಿದ್ದಾರೆ. ಪತ್ರದ ಕೊನೆಯಲ್ಲಿ, ಮಹತ್ವವಿಲ್ಲದ ಸಂಗತಿಯೆಂಬಂತೆ, ತಾರಸಿಯ ಸೋರಿಕೆಯನ್ನು ಮುಂದಿನ ವರ್ಷ ಸರಿಪಡಿಸುತ್ತಾರಂತೆ ಎಂದೂ ಬರೆದಿದ್ದೀರಿ. ಬೆಲೆ ಹೆಚ್ಚಾಯಿತೇ ಎಂಬುದು ನಿಮ್ಮ ಪ್ರಶ್ನೆ.

ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಹೇಗೆ ಬಂದೆನೆಂಬುದನ್ನು ತಿಳಿಸುವುದು ಅಭಿಪ್ರಾಯಕ್ಕಿಂತ ನಿಮಗೆ ಹೆಚ್ಚು ಉಪಯೋಗವಾದೀತೆಂದು ಭಾವಿಸಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾಣ್ಯ ಯಾವುದೇ ಇರಲಿ, ಲೆಕ್ಕವನ್ನು ಬಾಡಿಗೆಯ ತಿಂಗಳುಗಳಲ್ಲೇ ಮಾಡೋಣ. ಬಾಡಿಗೆದಾರರಾಗಿ ಆ ಫ್ಲ್ಯಾಟಿನಲ್ಲಿದ್ದರೆ ನಿಮಗೆ ವರ್ಷಕ್ಕೆ 12 ತಿಂಗಳ ಬಾಡಿಗೆ ಖರ್ಚಾಗುತ್ತದೆ. ಕೊಂಡು ಇದ್ದರೆ, 400ರ ಮೇಲೆ ನೂರಕ್ಕೆ 7ರಂತೆ 28, ಮೇಲ್ಖರ್ಚು 4, ಒಟ್ಟು 32 ತಿಂಗಳ ಬಾಡಿಗೆ ಖರ್ಚಾಗುತ್ತದೆ. ಬೆಲೆಯ ಒಂದು ಭಾಗವನ್ನು ಉಳಿತಾಯದಿಂದ ಕೊಡುತ್ತೇನೆ, ಅದಕ್ಕೆ ಬಡ್ಡಿ ಇಲ್ಲ ಎಂದು ನೀವು ಹೇಳಬಹುದು. ಆದರೆ ಆ ಹಣ ಬೇರೆಡೆ ಇದ್ದಿದ್ದರೆ ತರುತ್ತಿದ್ದ ಆದಾಯವನ್ನು ನೀವು ಬಿಟ್ಟುಕೊಡುತ್ತಿದ್ದೀರಿ. ಅದನ್ನೂ ಖರ್ಚಿಗೆ ಸೇರಿಸಿಕೊಳ್ಳುವುದೇ ಸರಿಯಾದ ಕ್ರಮ. ಅಲ್ಲಿಗೆ ವ್ಯತ್ಯಾಸ 20 ತಿಂಗಳ ಬಾಡಿಗೆ, ಅಂದರೆ ಬೆಲೆಯ ನೂರಕ್ಕೆ 5. ಫ್ಲ್ಯಾಟಿನ ಬೆಲೆ ಪ್ರತಿ ವರ್ಷ ಅಷ್ಟು ಏರಿದರೆ ಮಾತ್ರ ನೀವು ಬಾಡಿಗೆದಾರರಿಗೆ ಸರಿಸಮನಾಗಿ ನಿಲ್ಲುತ್ತೀರಿ. ನೋಂದಣಿ, ದಲ್ಲಾಳಿ, ಸಾಲದ ಕಾಗದಪತ್ರಗಳ ಖರ್ಚು ಇದರಲ್ಲಿ ಸೇರಿಲ್ಲ. ನಾಲ್ಕೈದು ವರ್ಷದಲ್ಲಿ ಮಾರಿ ಹೋಗುವ ಸಂಭವವಿದ್ದರೆ ಅದೂ ದೊಡ್ಡ ಮೊತ್ತವೇ ಆಗುತ್ತದೆ.

ಬಾಡಿಗೆ ವರ್ಷವರ್ಷವೂ ಏರುತ್ತದೆ, ಸಾಲದ ಕಂತು ಹಾಗೇ ಇರುತ್ತದೆ ಎಂಬ ವಾದ ಇಲ್ಲಿ ಬರುತ್ತದೆ. ಬಡ್ಡಿದರ ಬದಲಾಗದ ಸಾಲವಾಗಿದ್ದರೆ ಆ ವಾದ ನ್ಯಾಯವಾದದ್ದೇ. ಅದನ್ನು ಒಪ್ಪಿಕೊಂಡು ಇನ್ನೊಂದು ಲೆಕ್ಕ ಮಾಡಬಹುದು. ಖರ್ಚು ಕಳೆದು ಫ್ಲ್ಯಾಟಿನಿಂದ ದೊರೆಯುವ ನಿವ್ವಳ ಪ್ರಯೋಜನ ವರ್ಷಕ್ಕೆ 8 ತಿಂಗಳ ಬಾಡಿಗೆ. ಈ ಪ್ರಯೋಜನ ಪ್ರತಿ ವರ್ಷ ನೂರಕ್ಕೆ ಎಷ್ಟು ಏರುತ್ತದೋ ಅದನ್ನು ಬಡ್ಡಿದರದಿಂದ ಕಳೆದು, ಉಳಿದದ್ದರಿಂದ (ನೂರಕ್ಕೆ 2 ಉಳಿದರೆ 0.02ರಿಂದ) 8ನ್ನು ಭಾಗಿಸಿದರೆ ಕೊಡಬಹುದಾದ ಬೆಲೆ ಬರುತ್ತದೆ. ಆಸ್ತಿಯ ಬೆಲೆ ಕಟ್ಟುವವರೆಲ್ಲ ಒಂದಲ್ಲ ಒಂದು ರೂಪದಲ್ಲಿ ಬಳಸುವ ಸೂತ್ರವಿದು. ಏರಿಕೆ ನೂರಕ್ಕೆ 5 ಎಂದು ಹಿಡಿದರೆ ಬೆಲೆ 400 ತಿಂಗಳ ಬಾಡಿಗೆ, ನಿಮ್ಮನ್ನು ಕೇಳಿರುವಷ್ಟೇ. ಏರಿಕೆ 4 ಎಂದು ಹಿಡಿದರೆ 267ಕ್ಕೆ ಇಳಿಯುತ್ತದೆ, 3 ಎಂದು ಹಿಡಿದರೆ 200ಕ್ಕೆ. ಏರಿಕೆಯ ಅಂದಾಜು ಒಂದೇ ಒಂದು ಅಂಶ ತಪ್ಪಿದರೂ ಬೆಲೆಯ ಮೂರನೆಯ ಒಂದು ಭಾಗ ಕರಗಿಹೋಗುತ್ತದೆಂಬುದನ್ನು ದಯವಿಟ್ಟು ಗಮನಿಸಿ. ಹೀಗಾಗಿ ಮಾರುವವರು ಫ್ಲ್ಯಾಟನ್ನು ಮಾತ್ರ ಕೊಳ್ಳಿರೆಂದು ನಿಮ್ಮನ್ನು ಕೇಳುತ್ತಿಲ್ಲ. ಹಳೆಯದಾಗುತ್ತಿರುವ ಒಂದು ಕಟ್ಟಡದಲ್ಲಿ ಬಾಡಿಗೆ ಎಂದೆಂದಿಗೂ ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತಲೇ ಇರುತ್ತದೆಂದು ನಂಬಿರೆಂದೂ ಕೇಳುತ್ತಿದ್ದಾರೆ.

ಆ ನಂಬಿಕೆಗೆ ಆಧಾರವಿದೆಯೇ ಎಂಬುದು ನಿಮ್ಮ ಊರಿನ ಸಾಮಾನ್ಯ ಬೆಲೆಯೇರಿಕೆಯನ್ನು ಅವಲಂಬಿಸಿದೆ. ಎಲ್ಲ ವಸ್ತುಗಳ ಬೆಲೆಯೂ ವರ್ಷಕ್ಕೆ ನೂರಕ್ಕೆ 5ರಷ್ಟು ಏರುವ ಕಡೆ ಅದು ಅತಿಯಾದ ನಿರೀಕ್ಷೆಯಲ್ಲ. 2ರಷ್ಟು ಏರುವ ಕಡೆ ಖಂಡಿತ ಅತಿ. ಆಮ್‌ಸ್ಟರ್‌ಡ್ಯಾಮಿನ ಹೆರೆನ್‌ಗ್ರಾಹ್ಟ್ ಕಾಲುವೆಯ ದಂಡೆಯ ಮನೆಗಳ ಮಾರಾಟದ ದಾಖಲೆಗಳನ್ನು ಹಿಡಿದು ಪೀಟ್ ಐಕ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1628ರಿಂದ 1973ರವರೆಗಿನ ಬೆಲೆಗಳ ಸೂಚ್ಯಂಕವೊಂದನ್ನು ಸಿದ್ಧಪಡಿಸಿದ್ದಾರೆ. ಊರಿನ ಅತ್ಯಂತ ಬೇಡಿಕೆಯ ಬೀದಿಗಳಲ್ಲೊಂದಾದ ಅಲ್ಲಿಯೂ, ಸಾಮಾನ್ಯ ಬೆಲೆಯೇರಿಕೆಯನ್ನು ಕಳೆದು ನೋಡಿದರೆ, ಸುಮಾರು ಮೂರೂವರೆ ಶತಮಾನದಲ್ಲಿ ಮನೆಗಳ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಯಿತು, ಅಷ್ಟೇ. ನಡುವೆ ಹತ್ತಾರು ವರ್ಷಗಳ ಏರಿಳಿತಗಳಿದ್ದವು; ಏರುಗಾಲದಲ್ಲಿ ಕೊಂಡವರಿಗೆ ಏರಿಕೆಯೇ ಸಹಜವೆನಿಸಿದ್ದರೆ ಆಶ್ಚರ್ಯವಿಲ್ಲ. ಜಪಾನಿನ ದೊಡ್ಡ ನಗರಗಳ ಜಮೀನಿನ ಬೆಲೆ 1991ರ ಸುಮಾರಿಗೆ ತುತ್ತತುದಿ ಮುಟ್ಟಿ, ಆಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ನಗರದ ನೆಲ ಎಂದೂ ಅಗ್ಗವಾಗದೆಂಬ ಮಾತನ್ನು ಅಲ್ಲಿ ಅದಕ್ಕೂ ಮುಂಚೆ ಬ್ಯಾಂಕುಗಳೇ ನಂಬಿದ್ದವು.

ಏಳನೆಯ ಮಹಡಿಯ ಮಾರಾಟದ ವಿಷಯಕ್ಕೆ ಬರುತ್ತೇನೆ. ಅಕ್ಕಪಕ್ಕದ ಮಾರಾಟದ ಬೆಲೆ ಉಪಯುಕ್ತ ಮಾಹಿತಿಯೇ ಹೌದು, ಆದರೆ ದಲ್ಲಾಳಿಯ ಬಾಯಿಂದ ಕೇಳಿದ ಬೆಲೆ ಸಾಲದು. ನೋಂದಾಯಿತ ಕ್ರಯಪತ್ರದ ಮೊತ್ತವನ್ನೇ ನೋಡಬೇಕು. ಕಾರು ನಿಲ್ಲಿಸುವ ಜಾಗ, ಪೀಠೋಪಕರಣ, ಹೊಸದಾಗಿ ಮಾಡಿಸಿದ ಅಡುಗೆಮನೆ ಅದರಲ್ಲಿ ಸೇರಿದ್ದವೇ ಎಂದೂ ತಿಳಿಯಬೇಕು. ಆ ಫ್ಲ್ಯಾಟ್ ಇದಕ್ಕೂ ಮುಂಚೆ ಯಾವ ವರ್ಷ ಎಷ್ಟಕ್ಕೆ ಮಾರಾಟವಾಗಿತ್ತೆಂದು ವಿಚಾರಿಸುವುದು ಎಲ್ಲಕ್ಕಿಂತ ಮುಖ್ಯ. ಬೇರೆ ಬೇರೆ ಮನೆಗಳನ್ನು ಹೋಲಿಸುವ ಬದಲು ಒಂದೇ ಮನೆಯ ಎರಡು ಮಾರಾಟಗಳನ್ನು ಹೋಲಿಸುವ ಈ ಕ್ರಮವನ್ನು ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಅಮೆರಿಕದ ನಗರಗಳಿಗೆ ಅನ್ವಯಿಸಿದರು. ಅವರ ಹೆಸರಿನ ಸೂಚ್ಯಂಕ ಇಂದಿಗೂ ಪ್ರಕಟವಾಗುತ್ತಿದೆ. ನಿಮ್ಮ ಕಟ್ಟಡದಲ್ಲಿ ಅಂಥ ಮೂರು ನಾಲ್ಕು ಜೋಡಿ ಮಾರಾಟಗಳು ಸಿಕ್ಕರೂ ಸಾಕು, ವರ್ಷಕ್ಕೆ ನೂರಕ್ಕೆ 5ರ ಏರಿಕೆ ಅಲ್ಲಿ ನಿಜವಾಗಿ ಆಗಿದೆಯೇ ಎಂಬುದು ಗೊತ್ತಾಗುತ್ತದೆ. ವಿಸ್ತೀರ್ಣವನ್ನೂ ಗೋಡೆಯ ಒಳಮೈಯಿಂದ ಒಳಮೈಗೆ ನೀವೇ ಅಳೆಯಿರಿ. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲನ್ನು ಸೇರಿಸಿ ಹೇಳಿದ ಅಳತೆಯ ಮೇಲೆ ದರ ಲೆಕ್ಕ ಹಾಕಿದರೆ ದುಬಾರಿ ಫ್ಲ್ಯಾಟೂ ಅಗ್ಗವಾಗಿಯೇ ಕಾಣುತ್ತದೆ.

ಇನ್ನು ತಾರಸಿಯ ಸೋರಿಕೆ. ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಚಿಂತೆಗೀಡುಮಾಡಿದ ವಾಕ್ಯ ಅದು. ಫ್ಲ್ಯಾಟ್ ಕೊಂಡವರು ನಾಲ್ಕು ಗೋಡೆಗಳ ಜೊತೆಗೆ ಇಡೀ ಕಟ್ಟಡದ ಕಂಬ, ತಾರಸಿ, ಕೊಳವೆ, ಲಿಫ್ಟುಗಳ ಹೊಣೆಯಲ್ಲಿಯೂ ಪಾಲುದಾರರಾಗುತ್ತಾರೆ, ಆ ಪಾಲು ಮಾರಾಟದ ಜಾಹೀರಾತಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಪೂರ್ಣಗೊಂಡಿದ್ದ, ನಿಮ್ಮದರಂತೆಯೇ ಹನ್ನೆರಡು ಅಂತಸ್ತಿನ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಕಟ್ಟಡದ ಒಂದು ಭಾಗ 2021ರ ಜೂನ್ 24ರ ನಸುಕಿನಲ್ಲಿ ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಲಿನ ಚಪ್ಪಡಿಯಲ್ಲಿ ನೀರುತಡೆ ಪದರ ಕೆಟ್ಟು ಕಾಂಕ್ರೀಟಿಗೆ ಹಾನಿಯಾಗಿದೆಯೆಂದು ಎಂಜಿನಿಯರೊಬ್ಬರು 2018ರಲ್ಲಿಯೇ ವರದಿ ಕೊಟ್ಟಿದ್ದರು. ದುರಸ್ತಿಗೆ ಸುಮಾರು 1.5 ಕೋಟಿ ಡಾಲರ್ ಬೇಕಾಗಿತ್ತು, ಅಲ್ಲಿನ ಮಾಲೀಕರ ಸಂಘದ ಮೀಸಲು ನಿಧಿ ಅದರ ಹತ್ತಿರಕ್ಕೂ ಬರುವಷ್ಟಿರಲಿಲ್ಲ, ಮಾಲೀಕರು ಹೆಚ್ಚುವರಿ ವಂತಿಗೆಯ ಬಗ್ಗೆ ವರ್ಷಗಟ್ಟಲೆ ಚರ್ಚಿಸುತ್ತಿದ್ದರು. ಮರುವರ್ಷ ಆ ರಾಜ್ಯ ಕಾನೂನು ತಂದು, ಮೂರು ಮತ್ತು ಅದಕ್ಕಿಂತ ಹೆಚ್ಚು ಅಂತಸ್ತಿನ ಇಂಥ ಕಟ್ಟಡಗಳು ಚಾವಣಿ, ಕಟ್ಟಡದ ಅಸ್ಥಿಪಂಜರ, ನೀರುತಡೆ ಮೊದಲಾದವುಗಳ ದುರಸ್ತಿಗೆ ಎಷ್ಟು ಹಣ ಬೇಕೆಂದು ಅಂದಾಜು ಮಾಡಿಸಿ ಮೀಸಲಿಡಬೇಕೆಂದು ವಿಧಿಸಿತು. ಸೋರುವ ತಾರಸಿಯೆಲ್ಲ ಕುಸಿಯುತ್ತದೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮಾರುವವರು ಉಳಿಸಿಹೋದ ದುರಸ್ತಿಯ ಖರ್ಚನ್ನು ಕೊಂಡವರೇ ಹೊರಬೇಕಾಗುತ್ತದೆ, ಆದ್ದರಿಂದ ಅದು ಬೆಲೆಯಲ್ಲಿಯೇ ಕಳೆಯಬೇಕಾದ ಮೊತ್ತ ಎಂಬುದಷ್ಟೇ ನನ್ನ ಮಾತು.

ಆದುದರಿಂದ ಮುಂಗಡ ಕೊಡುವ ಮುನ್ನ ನಿವಾಸಿಗಳ ಸಂಘದಿಂದ ಕಳೆದ ಮೂರು ವರ್ಷಗಳ ಲೆಕ್ಕಪತ್ರ ಮತ್ತು ಸಭೆಗಳ ನಡವಳಿ ಪುಸ್ತಕವನ್ನು ಕೇಳಿ ಓದಿ. ಮೀಸಲು ನಿಧಿ ಎಷ್ಟಿದೆ, ಎಷ್ಟು ಮಾಲೀಕರು ಶುಲ್ಕ ಬಾಕಿ ಉಳಿಸಿಕೊಂಡಿದ್ದಾರೆ, ತಾರಸಿಗೆ ಯಾರಾದರೂ ಅಂದಾಜುಪಟ್ಟಿ ಕೊಟ್ಟಿದ್ದಾರೆಯೇ, ಲಿಫ್ಟು ಬದಲಿಸುವ ಮಾತು ಎಷ್ಟು ಸಲ ಬಂದು ಎಷ್ಟು ಸಲ ಮುಂದೂಡಲ್ಪಟ್ಟಿದೆ ಎಂಬುದೆಲ್ಲ ಅವುಗಳಲ್ಲಿ ಸಿಗಬೇಕು. ನಿರ್ವಹಣಾ ಶುಲ್ಕ ಕಡಿಮೆಯಿದೆಯೆಂದು ನೀವು ಸಂತೋಷದಿಂದ ಬರೆದಿದ್ದೀರಿ. ಇಪ್ಪತ್ತೆರಡು ವರ್ಷದ ಕಟ್ಟಡದಲ್ಲಿ ಶುಲ್ಕ ಕಡಿಮೆಯಿರುವುದಕ್ಕೆ ಎಷ್ಟೋ ಸಲ ನಿಧಿ ಕೂಡಿಡದೆ ಇರುವುದೇ ಕಾರಣವಾಗಿರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏರಿಕೆಯನ್ನು ನೂರಕ್ಕೆ 4 ಎಂದು ಹಿಡಿದು, 267 ತಿಂಗಳ ಬಾಡಿಗೆಯಿಂದ ತಾರಸಿ ದುರಸ್ತಿಯ ನನ್ನ ಪಾಲನ್ನು ಕಳೆದು, ಸ್ವಂತ ಮನೆಯೆಂಬ ನೆಮ್ಮದಿಗೆ, ಯಾರೂ ಖಾಲಿ ಮಾಡಿಸಲಾರರೆಂಬ ಭರವಸೆಗೆ ಸ್ವಲ್ಪ ಸೇರಿಸಿ, 300 ತಿಂಗಳ ಬಾಡಿಗೆಯನ್ನು ಮೀರದ ಬೆಲೆಯನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೆ. ಆ ನೆಮ್ಮದಿಗೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ಮಕ್ಕಳ ಶಾಲೆ ಬದಲಿಸಬೇಕಾಗದೆಂಬ ನಿಮ್ಮ ಮನೆಯವರ ಮಾತು ನ್ಯಾಯವಾದದ್ದು. ಅದಕ್ಕೆ ಎಷ್ಟು ಕೊಡುತ್ತೀರೆಂಬುದನ್ನು ಮಾತ್ರ ಮೊದಲೇ ಒಂದು ಮೊತ್ತವಾಗಿ ಬರೆದಿಟ್ಟುಕೊಳ್ಳಿ, ಮಾತುಕತೆಯ ಬಿಸಿಯಲ್ಲಿ ಅದು ಬೆಳೆಯುತ್ತಾ ಹೋಗದಿರಲಿ. ದಲ್ಲಾಳಿಯ ಹತ್ತು ದಿನಗಳೊಳಗೆ ಲೆಕ್ಕಪತ್ರ ಸಿಗದಿದ್ದರೆ ಮುಂಗಡ ಕೊಡಬೇಡಿ. ಅದೇ ಕಟ್ಟಡದಲ್ಲಿ ಬಾಡಿಗೆಗೆ ಫ್ಲ್ಯಾಟ್ ಸಿಗುತ್ತದೆಂದು ನೀವೇ ಬರೆದಿದ್ದೀರಿ. ಶಾಲೆ ಬದಲಾಗದೆ, ಕಚೇರಿ ದೂರವಾಗದೆ, ಒಂದು ಮಳೆಗಾಲ ಅಲ್ಲಿ ಕಳೆದರೆ ತಾರಸಿಯ ಸ್ಥಿತಿಯೂ ಸಂಘದ ನಡವಳಿಕೆಯೂ ತಿಳಿಯುತ್ತವೆ, ಅಷ್ಟರಲ್ಲಿ ಇನ್ನೊಂದು ಫ್ಲ್ಯಾಟ್ ಮಾರಾಟಕ್ಕೆ ಬಂದರೂ ಬಂದೀತು.

ಸಂಪಾದಕ