ಉತ್ತರ: ಅಪ್ಪ ಬಾಡಿಗೆಗೆ ಕೊಟ್ಟಿದ್ದ ಮನೆ ಇಟ್ಟುಕೊಳ್ಳುವುದೋ, ಮಾರುವುದೋ?

ತೀರಿಹೋದ ಅಪ್ಪ ಧಾರವಾಡದಲ್ಲಿ ಬಾಡಿಗೆಗೆ ಕೊಟ್ಟಿದ್ದ ಮನೆ ಮಾರಬೇಕೋ ಬೇಡವೋ ಎಂದು ಒಡಹುಟ್ಟಿದ ನಿಮ್ಮಲ್ಲಿ ತಕರಾರು ಎದ್ದಿರುವುದಕ್ಕೆ ಬಾಡಿಗೆ ಕಡಿಮೆ ಎಂಬುದು ಕಾರಣ ಅಲ್ಲ ಅನ್ನಿಸುತ್ತದೆ. ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆಯಲ್ಲ, ಗಂಟು ಅಲ್ಲಿದೆ. ನಮ್ಮಲ್ಲೂ ಹೀಗೇ ಆಗಿತ್ತು.

ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ, ಪಾಲಿಕೆಯಲ್ಲಿ ಖಾತೆ (ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ದಾಖಲೆ) ಬದಲಾವಣೆಗೆ ಅರ್ಜಿ ಕೊಡಿ. ಇ-ಖಾತೆ, ಅಂದರೆ ಅದೇ ದಾಖಲೆಯ ಡಿಜಿಟಲ್ ರೂಪ, ಇಲ್ಲದೆ ಮಾರಾಟದ ನೋಂದಣಿ ಆಗುವುದಿಲ್ಲ. ಮದುವೆಯಾದ ಅಕ್ಕನಿಗೂ ಸಮಪಾಲಿದೆ. ಅವರು ಬೇಡ ಅಂದರೂ ಬಾಯಿಮಾತು ಸಾಲದು, ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಇದನ್ನು ಸುಮ್ನೆ ಮುಂದೆ ಹಾಕಬೇಡಿ.

ಆಮೇಲೆ ಲೆಕ್ಕ. ನೀವು ಹೇಳಿದ ತಿಂಗಳಿಗೆ 9,000 ರೂಪಾಯಿ ಬಾಡಿಗೆ ವರ್ಷಕ್ಕೆ 1,08,000 ಆಯಿತು. ಪಾಲಿಕೆ ತೆರಿಗೆ, ಸುಣ್ಣ-ಬಣ್ಣ, ಮಳೆಗಾಲದ ಸೋರಿಕೆ, ನಡುವೆ ಒಂದು ತಿಂಗಳು ಮನೆ ಖಾಲಿ, ಎಲ್ಲ ಸೇರಿ 30,000 ಆದರೂ ಕಳೆಯಿರಿ. ಉಳಿಯುವುದು 78,000. ಮನೆಗೆ 60 ಲಕ್ಷ ಬರುವುದಾದರೆ ಇದು ನೂರಕ್ಕೆ 1.3 ಅಷ್ಟೇ. ಬ್ಯಾಂಕ್ ಠೇವಣಿಯಲ್ಲಿ ಜಾಸ್ತಿ ಸಿಗುತ್ತದೆ. ಆದರೆ ಜಾಗದ ಬೆಲೆ ಏರುವುದು ಇದರಲ್ಲಿ ಸೇರಿಲ್ಲ. ಅದು ಎಷ್ಟು ಏರುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು.

ಮಾರಿದರೆ ಲಾಭದ ಮೇಲೆ ತೆರಿಗೆ ಬರುತ್ತದೆ. ಅಪ್ಪ 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡಿದ್ದರೆ, ಆ ದಿನದ ಬೆಲೆಯನ್ನೇ ಮೂಲಬೆಲೆಯಾಗಿ ಹಿಡಿಯಬಹುದು. ತೆರಿಗೆ ಇಳಿಯಬಹುದು.

ನಿಮ್ಮಲ್ಲಿ ಒಬ್ಬರಾದರೂ ಹುಬ್ಬಳ್ಳಿ-ಧಾರವಾಡದಲ್ಲೇ ಇದ್ದರೆ ಇಟ್ಟುಕೊಳ್ಳಿ. ಎಲ್ಲರೂ ಬೆಂಗಳೂರು, ಪುಣೆ ಸೇರಿದ್ದರೆ ನಲ್ಲಿ ಕೆಟ್ಟಾಗ ಓಡುವವರು ಯಾರು? ಆಗ ಮಾರುವುದೇ ಸರಿ. ಇಟ್ಟುಕೊಂಡರೆ 11 ತಿಂಗಳ ಬಾಡಿಗೆ ಕರಾರನ್ನು ಹೊಸ ಮಾಲೀಕರೆಲ್ಲರ ಹೆಸರಿನಲ್ಲಿ ಬರೆಸಿ.