ಗಲ್ಲದಾಗ ಕಡ್ಡಿ ಆಡಿಸಿ ಒಯ್ದು ಏನ್ ಮಾಡ್ತಾರ್ರಿ?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ಖಾನಾಪುರ ಕಡೆ ಕಾಲೇಜಿನ್ಯಾಗ ಎನ್‌ಎಸ್‌ಎಸ್ ನೋಡ್ಕೋತೀನ್ರಿ. ಸ್ಟೆಮ್ ಸೆಲ್ (ರಕ್ತದ ಕ್ಯಾನ್ಸರ್‌ನಂಥಾ ಕಾಯಿಲೆಯವರಿಗೆ ಹಾಕೂ, ರಕ್ತ ಹುಟ್ಟಿಸೂ ಕಣ) ದಾನಿಗಳ ಹೆಸರು ಬರಸೂ ಕ್ಯಾಂಪ್ ಇಟ್ಟಿದ್ವಿ, ಸಿದ್ದಿ ಹುಡುಗ್ರು ಒಬ್ರೂ ಬರ್ಲಿಲ್ಲ. "ಗಲ್ಲದಾಗ ಕಡ್ಡಿ ಆಡಿಸಿ ಒಯ್ದು ಏನ್ ಮಾಡ್ತಾರೋ, ಮನ್ಯಾಗ ಬ್ಯಾಡ ಅಂತಾರ್ರಿ" ಅಂದ್ರು. ಹೆಂಗ ತಿಳಿಸಿ ಹೇಳೂದು?
— ಒಬ್ಬ ಉಪನ್ಯಾಸಕ, ಬೆಳಗಾವಿ ಜಿಲ್ಲೆ

ಉತ್ತರ: ಸರ್, ತಿಳಿಸಿ ಹೇಳೂದು ಆಮ್ಯಾಲೆ, ಮೊದ್ಲ ಅವರು ಕೇಳಿದ್ದಕ್ಕ ಉತ್ತರ ಕೊಡ್ರಿ, ಭಾಳ ಶಾಣ್ಯಾ ಪ್ರಶ್ನೆ ಅದು. ಅಮೆರಿಕದ ಅರಿಜೋನಾದಾಗ ಹವಸುಪಾಯಿ ಅಂತ ಸಣ್ಣ ಮೂಲನಿವಾಸಿ ಬುಡಕಟ್ಟು ಐತಿ, 1990ರ ಹೊತ್ತಿಗೆ ಅಲ್ಲಿಯ ಒಂದು ಯುನಿವರ್ಸಿಟಿಯವರು ಸಕ್ಕರೆ ಕಾಯಿಲೆ ಸಲುವಾಗಿ ಅಂತ ಹೇಳಿ ಅವರ ರಕ್ತ ತಗೊಂಡು, ಮುಂದ ಅದನ್ನ ಮಾನಸಿಕ ಕಾಯಿಲೆ, ಅವರ ಪೂರ್ವಜರು ಎಲ್ಲಿಂದ ಬಂದ್ರು ಅನ್ನೂ ಸಂಶೋಧನಾಕ್ಕೂ ಬಳಸಿದ್ರು. ಕೋರ್ಟಿಗೆ ಹೋತು, 2010ರಾಗ ಆ ಯುನಿವರ್ಸಿಟಿ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತಾನೂ ವಾಪಸ್ ಕೊಟ್ಟು ರಾಜಿ ಮಾಡ್ಕೊಂತು. ಇಂಥಾದ್ದಾದ ಮ್ಯಾಲೆ ಮಂದಿ ಹಿಂದ ಸರದ್ರ ಅವರ ತಪ್ಪೇನು?

ಆದ್ರ ಹಿಂದ ಸರದ್ರ ನಷ್ಟಾನೂ ಅವರಿಗೇ. ದಾನಿ-ಪೇಷಂಟ್ ಕೂಡ್ತಾರೋ ಇಲ್ಲೋ ಅಂತ ನೋಡಾಕ ಇಲ್ಲಿ ರಕ್ತದ ಗುಂಪು ನೋಡಂಗಿಲ್ಲ, ಗಲ್ಲದ ಕಡ್ಡಿಯಿಂದ ಎಚ್‌ಎಲ್‌ಎ (ಜೀವಕೋಶದ ಮ್ಯಾಲಿನ ಗುರುತು) ನೋಡ್ತಾರ, ಅದು ತಂದಿ-ತಾಯಿ ಕಡೆಯಿಂದ ಬರೂದು, ಹಂಗಾಗಿ ಒಂದೇ ಮೂಲದವರೊಳಗ ಕೂಡೂದು ಜಾಸ್ತಿ. ಅಮೆರಿಕದ ರಿಜಿಸ್ಟ್ರಿ (ದಾನಿಗಳ ಪಟ್ಟಿ) ಬಗ್ಗೆ 2014ರಾಗ ಬಂದ ಲೆಕ್ಕದಾಗ ಯುರೋಪ್ ಮೂಲದ ಬಿಳಿಯರಿಗೆ ಪೂರ್ತಿ ಮ್ಯಾಚ್ ಸಿಗೂ ಸಾಧ್ಯತೆ ನೂರಕ್ಕ 75 ಇದ್ರ ಆಫ್ರಿಕನ್ ಅಮೆರಿಕನ್ನರಿಗೆ ಬರೇ 19. ನಮ್ಮ ಸಿದ್ದಿ ಜನರ ಮೂಲ ಆಫ್ರಿಕಾ, ಶತಮಾನಗಳಿಂದ ಇಲ್ಲಿಯವರ ಜೀನ್ಸೂ ಕೂಡ್ಯಾವು, ಅಂಥಾ ಕಲಬೆರಕಿ ಗುರುತು ಬೇರೆ ಕಡೆ ಹುಡುಕೂದು ಇನ್ನೂ ಕಷ್ಟ.

ಅದಕ್ಕ ಕಾಲೇಜಿನ್ಯಾಗ ಟೇಬಲ್ ಹಾಕಿ ಕುಂದ್ರೂದು ಬಿಡ್ರಿ, ಊರಿಗೆ ಹೋಗ್ರಿ, ಹಿರ್ಯಾರ ಮುಂದ ಕೊಂಕಣಿ ಬಲ್ಲವರಿಂದ ಹೇಳಸ್ರಿ. ಸ್ಯಾಂಪಲ್ ಎಲ್ಲಿ ಇಡ್ತಾರ, ಎದಕ್ಕ ಬಳಸ್ತಾರ, ಹೆಸರು ಹೆಂಗ ತಗಸೂದು ಅಂತ ರಿಜಿಸ್ಟ್ರಿಯವರಿಂದ ಬರದು ತಗೋರಿ. ಮ್ಯಾಚ್ ಆದ್ರ ಬಹುತೇಕ ನಾಕೈದು ದಿನ ಇಂಜೆಕ್ಷನ್, ಆಮ್ಯಾಲೆ ತೋಳಿನ ರಕ್ತ ಮಷಿನ್‌ನ್ಯಾಗ ಹಾಯಿಸಿ ಸೆಲ್ ಅಷ್ಟ ತಗೋತಾರ, ಒಂದಿಷ್ಟು ತಾಸಿನ ಕೆಲಸ, ಮೈಕೈ ನೋವು ಬರ್ತೈತಿ, ಅದನ್ನೂ ಮುಚ್ಚಿಡಬ್ಯಾಡ್ರಿ. "ನಿಮ್ಮ ಮಂದಿಗೇ ಹೋಗ್ತೈತಿ" ಅಂತ ಮಾತ್ರ ಹೇಳಬ್ಯಾಡ್ರಿ, ಜಗತ್ತಿನ್ಯಾಗ ಯಾರಿಗೆ ಕೂಡ್ತೈತೋ ಅವರಿಗೆ ಹೋಗೂದು. ಮನಸ್ಸಿಲ್ಲದವರನ್ನ ಒತ್ತಾಯ ಮಾಡಿ ಬರಸಿದ್ರ ಕಡೀಕ ಕೈ ಕೊಡ್ತಾರ, ಅಷ್ಟೊತ್ತಿಗೆ ಹೊಸಾ ಸೆಲ್ ಹಾಕೂ ತಯಾರಿಗೆ ಅಂತ ಪೇಷಂಟಿನ ಅಸ್ಥಿಮಜ್ಜೆ ಔಷಧಿ ಹಾಕಿ ಕೊಂದಿದ್ರ ಆ ಜೀವ ಉಳ್ಯೂದು ಭಾಳ ಕಷ್ಟ.

ಪ್ರಶ್ನೆ: ನನಗ ಇಬ್ರು ಅಣ್ಣಂದಿರು ಅದಾರ್ರಿ, ನನಗ ಸ್ಟೆಮ್ ಸೆಲ್ ಬೇಕಾದ್ರ ಅವರ ಕೊಡ್ತಾರ, ರಿಜಿಸ್ಟ್ರಿ ಯಾಕ ಬೇಕು?
— ಜಮಖಂಡಿ

ಉತ್ತರ: ಒಬ್ಬ ಅಣ್ಣ ಪೂರ್ತಿ ಕೂಡೂ ಸಾಧ್ಯತೆ ನೂರಕ್ಕ 25, ಇಬ್ರಿದ್ರ ಸುಮಾರು 44, ಅಂದ್ರ ಕೂಡದಿರೂದ ಹೆಚ್ಚು. ವಯಸ್ಸು 18ರಿಂದ 50ರೊಳಗ ಇದ್ರ ನಮ್ಮ ದೇಶದ ದಾತ್ರಿಯಂಥಾ ದಾನಿಗಳ ರಿಜಿಸ್ಟ್ರಿಯಾಗ ನೀವೂ ಹೆಸರು ಹಚ್ರಿ, ಅಣ್ಣಂದಿರನ್ನೂ ಕರ್ಕೊಂಡು ಹೋಗ್ರಿ.