ಹೃದಯ ಬಡಿತ 142 ಮೀರದಂತೆ ಓಡಲು ಹೋದರೆ ನಡೆಯಬೇಕಾಗುತ್ತಿದೆ, ಈ ಪದ್ಧತಿ ಮುಂದುವರಿಸಲೇ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು: ವಯಸ್ಸು 38, ಊರು ಬೆಂಗಳೂರು, 10 ಕಿ.ಮೀ.ಗೆ 62 ನಿಮಿಷ. ಶಿನ್ ನೋವಿಗೆಂದು (ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ನೋವು) ಓಟ ನಿಲ್ಲಿಸಿದ್ದವರು ಮೂರು ತಿಂಗಳ ಹಿಂದೆ ಮತ್ತೆ ಶುರು ಮಾಡಿದ್ದೀರಿ. ಹಾಫ್ ಮ್ಯಾರಥಾನ್‌ಗೆಂದು ಮೂರು ವಾರದಿಂದ ಕಡಿಮೆ ಹಾರ್ಟ್ ರೇಟ್‌ನಲ್ಲಿ, ಅಂದರೆ ನಿಮಿಷಕ್ಕೆ 142 ಬಡಿತ ಮೀರದಂತೆ ಓಡುತ್ತಿದ್ದೀರಿ. ವಾಚ್ ಮೊದಲ ಹತ್ತು ನಿಮಿಷ 170 ತೋರಿಸಿ, ಆಮೇಲೆ ಇದ್ದಕ್ಕಿದ್ದಂತೆ 140ಕ್ಕೆ ಇಳಿಯುತ್ತದೆ. ಏರು ಬಂದಲ್ಲೆಲ್ಲ ನಡೆಯಬೇಕಾಗುತ್ತದೆ, ಪೇಸ್ (ಒಂದು ಕಿ.ಮೀ.ಗೆ ಹಿಡಿಯುವ ಸಮಯ) ಸುಧಾರಿಸಿಲ್ಲ.

ಮುಂದುವರಿಸಿ. ಆದರೆ ಮೊದಲು ವಾಚ್ ಹೇಳುತ್ತಿರುವುದು ನಿಜವೇ ಎಂದು ನೋಡಿಕೊಳ್ಳಿ, ಏಕೆಂದರೆ ನೀವು ಬರೆದಿರುವ ಆ 170 ನನಗೆ ಅನುಮಾನ ಹುಟ್ಟಿಸುತ್ತದೆ. ಕೈಗೆ ಕಟ್ಟುವ ವಾಚ್ ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಅಳೆಯುತ್ತದೆ. ಬೆಳಗಿನ ಚಳಿಗೆ ಕೈ ತಣ್ಣಗಿದ್ದು ರಕ್ತದ ಓಡಾಟ ಕಡಿಮೆಯಿದ್ದಾಗ, ಅದು ಬಡಿತದ ಬದಲು ಹೆಜ್ಜೆಯ ಲಯವನ್ನೇ ಹಿಡಿದುಕೊಂಡುಬಿಡುತ್ತದೆ. ನಿಮಿಷಕ್ಕೆ 165–175 ಹೆಜ್ಜೆ ಹಾಕುವವರಿಗೆ ಹಾರ್ಟ್ ರೇಟ್ ಕೂಡ ಅಷ್ಟೇ ಕಾಣಿಸುತ್ತದೆ. ಓಟ ಮುಗಿದ ಮೇಲೆ ಆ್ಯಪ್‌ನಲ್ಲಿ ಹಾರ್ಟ್ ರೇಟ್ ಮತ್ತು ಕೇಡೆನ್ಸ್ (ನಿಮಿಷಕ್ಕೆ ಹಾಕುವ ಹೆಜ್ಜೆ) ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಮೊದಲ ಹತ್ತು ನಿಮಿಷ ಎರಡೂ ಅಂಟಿಕೊಂಡು ಹೋಗಿದ್ದರೆ ಆ 170 ನಿಮ್ಮ ಹೃದಯದ್ದಲ್ಲ. ರಸ್ತೆಯಲ್ಲೇ ಪರೀಕ್ಷಿಸಬೇಕೆಂದರೆ ನಿಂತ ತಕ್ಷಣ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿ. 23 ಬಡಿತ ಬಂದರೆ 138. ಇಡೀ ನಿಮಿಷ ಎಣಿಸಲು ಹೋಗಬೇಡಿ, ಅಷ್ಟರಲ್ಲಿ ಬಡಿತ ಇಳಿದಿರುತ್ತದೆ.

ಈ ತರಬೇತಿ ಮಾಡುವವರು ಒಂದು ಚೆಸ್ಟ್ ಸ್ಟ್ರಾಪ್ (ಎದೆಗೆ ಕಟ್ಟಿ ಬಡಿತ ಅಳೆಯುವ ಪಟ್ಟಿ) ಕೊಳ್ಳಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಸ ಶೂಗಿಂತ ಅದು ಮುಖ್ಯ. ಕಟ್ಟುವ ಮೊದಲು ಪಟ್ಟಿಯ ಒಳಬದಿಯ ಎರಡು ರಬ್ಬರ್ ಭಾಗಗಳನ್ನು ನೀರಿನಲ್ಲಿ ಒದ್ದೆ ಮಾಡಿ. ಒಣಗಿದ್ದರೆ ಬೆವರು ಬರುವವರೆಗೆ ಅದೂ ಹುಚ್ಚಾಪಟ್ಟೆ ತೋರಿಸುತ್ತದೆ. ಓಟ ಮುಗಿದ ಮೇಲೆ ತೊಳೆದು, ಪಟ್ಟಿಯ ಮುಂಭಾಗದ ಪಾಡ್ (ಬ್ಯಾಟರಿ ಇರುವ ಚಿಕ್ಕ ಡಬ್ಬಿ) ಬಿಚ್ಚಿಡಿ, ಬ್ಯಾಟರಿ ಉಳಿಯುತ್ತದೆ.

ಇನ್ನು ನಿಮ್ಮ 142ರ ಲೆಕ್ಕ. ಈ ಸೂತ್ರ ಅಮೆರಿಕದ ತರಬೇತುದಾರ ಫಿಲ್ ಮ್ಯಾಫೆಟೋನ್ ಅವರದು. ಎಲ್ಲರೂ 180ರಲ್ಲಿ ವಯಸ್ಸು ಕಳೆಯುತ್ತಾರೆ, ಆಮೇಲಿನ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ದೊಡ್ಡ ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದರೆ, ಇಲ್ಲವೇ ದಿನವೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಇನ್ನೂ 10 ಕಳೆಯಬೇಕು. ಗಾಯವಾಗಿದ್ದರೆ, ಬಿಟ್ಟು ಈಗಷ್ಟೇ ಮತ್ತೆ ಶುರು ಮಾಡಿದ್ದರೆ, ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಸಲ ನೆಗಡಿ-ಜ್ವರ ಬರುತ್ತಿದ್ದರೆ, ಅಲರ್ಜಿ ಅಥವಾ ಆಸ್ತಮಾ ಇದ್ದರೆ 5 ಕಳೆಯಬೇಕು. ಎರಡು ವರ್ಷಕ್ಕೂ ಮೇಲೆ ಯಾವ ತೊಂದರೆಯಿಲ್ಲದೆ ಓಡಿ ಸುಧಾರಿಸುತ್ತಲೇ ಇರುವವರು ಮಾತ್ರ 5 ಕೂಡಿಸಬಹುದು. ನೀವು ಶಿನ್ ನೋವಿನಿಂದ ಎದ್ದು ಬಂದವರು, ಹಾಗಾಗಿ ನಿಮ್ಮ ಮಿತಿ 137. ಇದು ಮೇಲಿನ ಗಡಿ. ಅದಕ್ಕಿಂತ ಹತ್ತು ಬಡಿತ ಕೆಳಗೆ ಓಡಿದರೂ ಕೆಲಸ ಆಗುತ್ತದೆ. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಲೆಕ್ಕ ನಡೆಯುವುದಿಲ್ಲ, ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ. ಅವರು ವೈದ್ಯರನ್ನೇ ಕೇಳಬೇಕು.

ಯಾವ ಸೂತ್ರವೂ ಎಲ್ಲರಿಗೂ ಸರಿಹೊಂದುವುದಿಲ್ಲ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ 20ರಷ್ಟು ವ್ಯತ್ಯಾಸ ಇರುವುದು ಸಾಮಾನ್ಯ. ಅದಕ್ಕೇ ಮಾತಿನ ಪರೀಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ: 137ರಲ್ಲಿ ಓಡುತ್ತಾ ಪಕ್ಕದವರಿಗೆ ಮೂರು ನಾಲ್ಕು ಪೂರ್ತಿ ವಾಕ್ಯ ತಡವರಿಸದೆ ಹೇಳಲಾಗಬೇಕು. ವಾಕ್ಯದ ಮಧ್ಯೆ ಉಸಿರು ಎಳೆದುಕೊಳ್ಳಬೇಕಾದರೆ ಆ ಅಂಕಿಯೂ ನಿಮಗೆ ಹೆಚ್ಚೇ.

ಓಡುವ ಕ್ರಮ ಹೀಗಿರಲಿ. ಮೊದಲ 5 ನಿಮಿಷ ಚುರುಕು ನಡಿಗೆ, ಮುಂದಿನ 10 ನಿಮಿಷ ತೀರಾ ನಿಧಾನದ ಓಟ, ಬಡಿತ 125 ಮೀರದಂತೆ. ಈ ಹದಿನೈದು ನಿಮಿಷವನ್ನು ನುಂಗಿಹಾಕುವವರೇ ಹೆಚ್ಚು. ಸ್ನಾಯುಗಳಿಗೆ ರಕ್ತ ಹರಿಯುವ ಮೊದಲೇ ವೇಗ ಕೇಳಿದರೆ ಬಡಿತ ನೆಗೆಯುತ್ತದೆ, ಬೇಗ ಇಳಿಯುವುದೂ ಇಲ್ಲ. ಆಮೇಲೆ ವಾಚ್‌ನ ಅಲರ್ಟ್ ಅನ್ನು 137ಕ್ಕೆ ಇಡಬೇಡಿ, 133ಕ್ಕೆ ಇಡಿ. ನೀವು ಹಾಕಿದ ಶ್ರಮ ಬಡಿತದಲ್ಲಿ ಕಾಣಿಸಲು ಅರ್ಧ ನಿಮಿಷದಷ್ಟು ಬೇಕು, ಅಷ್ಟರಲ್ಲಿ 137 ದಾಟಿರುತ್ತೀರಿ. ಹೆಜ್ಜೆ ಚಿಕ್ಕದು ಮಾಡಿ, ಹೆಜ್ಜೆಯ ಲಯ ತಗ್ಗಿಸಬೇಡಿ. ನಿಧಾನ ಓಡಬೇಕೆಂದು ಉದ್ದ ಹೆಜ್ಜೆ ಹಾಕಿ ಕಾಲೆಳೆದರೆ ಹಿಮ್ಮಡಿ ಮುಂದಕ್ಕೆ ಬಿದ್ದು, ಬಿಟ್ಟುಹೋದ ಶಿನ್ ನೋವು ಮತ್ತೆ ಬರುತ್ತದೆ. ಏರಿನಲ್ಲಿ, ಅಲರ್ಟ್ ಬಡಿಯುವ ಮೊದಲೇ ನಡೆಯಿರಿ. 125ಕ್ಕೆ ಇಳಿದ ಮೇಲೆ ಮತ್ತೆ ಓಡಿ. ನಡೆದರೆ ತರಬೇತಿ ಕೆಟ್ಟಿತು ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಸಮತಟ್ಟು ರಸ್ತೆ ಸಿಗುವುದೇ ಕಷ್ಟ, ಕಬ್ಬನ್ ಪಾರ್ಕ್‌ನಲ್ಲೂ ಏರಿಳಿತ ಇದೆ.

ಮೂರು ವಾರದಲ್ಲಿ ಫಲ ಕಾಣದಿರುವುದಕ್ಕೆ ಕಾರಣ ಇದೆ. ಈ ವೇಗದಲ್ಲಿ ಕೆಲಸ ಮಾಡುವುದು ನಿಧಾನಗತಿಯ ಸ್ನಾಯುತಂತುಗಳು, ಅವಕ್ಕೆ ಇಂಧನದ ದೊಡ್ಡ ಪಾಲು ಕೊಬ್ಬಿನಿಂದ. ರಕ್ತದ ದ್ರವಭಾಗ ಒಂದೆರಡು ವಾರದಲ್ಲೇ ಹೆಚ್ಚುತ್ತದೆ, ಆದರೆ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಹೆಚ್ಚಲು ಹಲವು ವಾರ, ಸ್ನಾಯುವಿನಲ್ಲಿ ಹೊಸ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಬೆಳೆಯಲು ತಿಂಗಳುಗಳೇ ಬೇಕು. ಈಜು, ಸೈಕಲ್, ಓಟ ಮೂರೂ ಇರುವ ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆಯನ್ನು ಆರು ಸಲ ಗೆದ್ದ ಮಾರ್ಕ್ ಅಲೆನ್ ಕೂಡ ಮ್ಯಾಫೆಟೋನ್ ಮಾತು ಕೇಳಿ 155ರ ಮಿತಿಗೆ ಬಂದಾಗ ಮೈಲಿಗೆ 8 ನಿಮಿಷ 15 ಸೆಕೆಂಡಿಗೆ ಇಳಿಯಬೇಕಾಯಿತು. ಅದೇ ಬಡಿತದಲ್ಲಿ 5 ನಿಮಿಷ 20 ಸೆಕೆಂಡಿಗೆ ಬರಲು ಸುಮಾರು ಒಂದು ವರ್ಷ ಹಿಡಿಯಿತು. ನೀವು ಕನಿಷ್ಠ 12 ವಾರ ಕೊಡಿ.

ಆ 12 ವಾರ ಕಿಲೋಮೀಟರ್ ಲೆಕ್ಕ ಬಿಟ್ಟು ಸಮಯದ ಲೆಕ್ಕ ಇಡಿ. ವಾರದಲ್ಲಿ ಮೂರು ದಿನ 45–50 ನಿಮಿಷ, ಭಾನುವಾರ 75 ನಿಮಿಷ. ಭಾನುವಾರದ್ದನ್ನು ವಾರಕ್ಕೆ 5–10 ನಿಮಿಷ ಏರಿಸುತ್ತಾ 120ರವರೆಗೆ ಒಯ್ಯಿರಿ, ನಾಲ್ಕನೆಯ ವಾರಕ್ಕೊಮ್ಮೆ ತಗ್ಗಿಸಿ. ಒಟ್ಟು ವಾರಕ್ಕೆ 3 ಗಂಟೆಗಿಂತ ಕಡಿಮೆ ಓಡುವವರಿಗೆ ಈ ಪದ್ಧತಿಯಿಂದ ಹೆಚ್ಚೇನೂ ಸಿಗದು. ಇಲ್ಲಿ ಶ್ರಮ ಕಡಿಮೆ, ಆದ್ದರಿಂದ ಹೊತ್ತು ಹೆಚ್ಚು ಬೇಕು. ಮ್ಯಾಫೆಟೋನ್ ಈ ಅವಧಿಯಲ್ಲಿ ವೇಗದ ಓಟವೇ ಬೇಡ ಎನ್ನುತ್ತಾರೆ. ಇದೊಂದನ್ನು ನಾನು ಒಪ್ಪುವುದಿಲ್ಲ. ಆರನೆಯ ವಾರದಿಂದ, ಶಿನ್ ನೋವು ಇಲ್ಲದಿದ್ದರೆ, ವಾರಕ್ಕೊಮ್ಮೆ ಓಟದ ಕೊನೆಗೆ 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ನಡುವೆ ಒಂದೂವರೆ ನಿಮಿಷ ನಡಿಗೆ. ಕಾಲಿಗೆ ವೇಗದ ಅಭ್ಯಾಸ ತಪ್ಪುವುದಿಲ್ಲ. ಹಾಗೆಯೇ ಮ್ಯಾಫೆಟೋನ್ ಹೇಳುವ, ಪಿಷ್ಟ-ಸಕ್ಕರೆ ಕಡಿಮೆ ಮಾಡುವ ಊಟದ ಪಥ್ಯಕ್ಕಾಗಿ ನೀವು ಮುದ್ದೆ, ಅನ್ನ ಬಿಡಬೇಕಾಗಿಲ್ಲ.

ಸುಧಾರಣೆಯನ್ನು ದಿನದಿನ ಹುಡುಕಬೇಡಿ. ತಿಂಗಳಿಗೊಮ್ಮೆ ಅಳೆಯಿರಿ: 400 ಮೀ. ಟ್ರ್ಯಾಕ್‌ನ ಒಳ ಲೇನ್‌ನಲ್ಲಿ, ಹದಿನೈದು ನಿಮಿಷದ ವಾರ್ಮ್ ಅಪ್ ಆದ ಮೇಲೆ, 135–137ರಲ್ಲೇ ಹನ್ನೆರಡೂವರೆ ಸುತ್ತು, ಅಂದರೆ 5 ಕಿ.ಮೀ. ಪ್ರತಿ ಕಿಲೋಮೀಟರ್‌ನ ಸಮಯ ಬರೆದಿಡಿ. 8:40, 8:48, 8:55, 9:02, 9:08 ಹೀಗೆ ಒಂದೊಂದೇ ನಿಧಾನವಾಗುತ್ತಾ ಹೋಗುವುದು ಸಹಜ. ಎರಡನೆಯ ಕಿಲೋಮೀಟರ್ ಮೊದಲನೆಯದಕ್ಕಿಂತ ವೇಗವಾಗಿದ್ದರೆ ವಾರ್ಮ್ ಅಪ್ ಸಾಲದಾಗಿತ್ತು ಎಂದರ್ಥ. ಐದನೆಯದು ಒಂದು ನಿಮಿಷಕ್ಕೂ ಮೇಲೆ ಹಿಂದೆ ಬಿದ್ದರೆ ಸೆಕೆ, ನೀರಿನ ಕೊರತೆ ಅಥವಾ ಹಿಂದಿನ ದಿನದ ಆಯಾಸ. ಪರೀಕ್ಷೆ ಪ್ರತಿ ಸಲ ಅದೇ ಹೊತ್ತಿಗೆ, ಅದೇ ಟ್ರ್ಯಾಕ್‌ನಲ್ಲಿ ಇರಲಿ. ರಜೆಗೆ ಮಂಗಳೂರಿಗೆ ಹೋದಾಗ ಓಡಿದ್ದನ್ನು ಇದರ ಪಕ್ಕ ಇಡಬೇಡಿ: ಅಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಹೃದಯ ಅದೇ ಪೇಸ್‌ಗೆ ಹೆಚ್ಚು ಬಡಿಯುತ್ತದೆ. ಅಲ್ಲಿಯೂ ಮಿತಿ 137, ಪೇಸ್ ಎಷ್ಟು ಬರುತ್ತದೋ ಅಷ್ಟೇ.

ಎರಡು ಪರೀಕ್ಷೆ ಸತತವಾಗಿ ಸುಧಾರಿಸದಿದ್ದರೆ ಮೊದಲು ನಿದ್ದೆ ನೋಡಿ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ಬಡಿತ ಮಾಮೂಲಿಗಿಂತ 7–8 ಹೆಚ್ಚಿದ್ದ ದಿನ ಓಟ ಬಿಟ್ಟು ನಡೆಯಿರಿ. ಅದೂ ಸರಿಯಿದ್ದು ಪೇಸ್ ನಿಂತಲ್ಲೇ ನಿಂತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣಾಂಶದ ಅಳತೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಕಡಿಮೆಯಿದ್ದರೆ ಎಷ್ಟು ಶಿಸ್ತಿನಿಂದ ಓಡಿದರೂ ಬಡಿತ ಇಳಿಯದು, ಹೆಂಗಸರಲ್ಲಿ ಇದು ಇನ್ನೂ ಸಾಮಾನ್ಯ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಬಡಿತ ತಾಳ ತಪ್ಪಿದಂತೆ ಅನಿಸಿದರೆ ಅಂದೇ ಓಟ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

12 ವಾರ ಮುಗಿದ ಮೇಲೆ, ಸ್ಪರ್ಧೆಗೆ ಐದಾರು ವಾರ ಇರುವಾಗ, ವಾರದ ಒಂದು ದಿನ ಮಿತಿ ತೆಗೆದುಹಾಕಿ: ಮೂರು ನಾಲ್ಕು ಪದ ಮಾತ್ರ ಒಟ್ಟಿಗೆ ಆಡಲಾಗುವಂಥ ವೇಗದಲ್ಲಿ 10 ನಿಮಿಷ, ಮೂರು ಸಲ, ನಡುವೆ 3 ನಿಮಿಷ ನಿಧಾನ ಓಟ. ಅದರ ಹಿಂದಿನ ಮತ್ತು ಮರುದಿನದ ಓಟ 130ರ ಒಳಗಿರಲಿ. ಸ್ಪರ್ಧೆಯ ದಿನ 137ರ ಮಿತಿ ನಿಮಗೆ ಅನ್ವಯಿಸುವುದಿಲ್ಲ, ಮೊದಲ ಮೂರು ಕಿಲೋಮೀಟರ್ ಮಾತ್ರ ಪೂರ್ತಿ ವಾಕ್ಯ ಮಾತಾಡುವ ವೇಗದಲ್ಲಿ ಹೋಗಿ.